ಸುಲಭಕ್ಕೆ ಬಗ್ಗದ ಕಾರ್ ಪೇಂಟ್: ಗೀರು ತೆಗೆದು ಪಾಲಿಶ್ ಮಾಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೆಷಿನ್ ಅದೇ, ಪ್ಯಾಡ್ ಅದೇ, ಕಾಂಪೌಂಡ್ (ಗೀರು ಸವೆಸುವ ಒರಟು ಪಾಲಿಶ್) ಅದೇ. ಒಂದು ಕಾರಿನ ಬಾನೆಟ್ ಅರ್ಧ ಗಂಟೆಯಲ್ಲಿ ಕನ್ನಡಿಯಾಗುತ್ತದೆ. ಇನ್ನೊಂದರಲ್ಲಿ ಬೆಳಗಿನಿಂದ ಸಂಜೆವರೆಗೆ ತಿಕ್ಕಿದರೂ ಗೀರು ಕದಲುವುದಿಲ್ಲ. ಮೂರನೆಯದರಲ್ಲಿ ಗೀರೇನೋ ಹೋಗುತ್ತದೆ, ಅದರ ಜಾಗದಲ್ಲಿ ಮಬ್ಬು ಬಂದು ಕೂರುತ್ತದೆ. ಕೆಳಗಿನ ಪ್ರಶ್ನೆಗಳು ಎರಡನೆಯ, ಮೂರನೆಯ ಬಗೆಯ ಕಾರಿನ ಮುಂದೆ ಪಾಲಿಶರ್ ಹಿಡಿದು ನಿಂತವರವು.

ಕಷ್ಟದ ಪೇಂಟ್ ಎಂದರೆ ಏನು? ಗಟ್ಟಿ ಪೇಂಟ್ ಎಂದೇ?

ಗಟ್ಟಿ ಪೇಂಟ್ ಕಷ್ಟದ್ದು ಹೌದು, ಆದರೆ ಅತಿ ಕಷ್ಟದ್ದಲ್ಲ. ಅದು ಬೇಡುವುದು ಸಮಯವನ್ನು ಮಾತ್ರ. ನನ್ನ ಅನುಭವದಲ್ಲಿ ಹೆಚ್ಚು ಕಾಡುವುದು ಮೆತ್ತಗಿನ ಪೇಂಟ್. ಅದರ ಗೀರು ಬೇಗ ಹೋಗುತ್ತದೆ, ಆದರೆ ಪಾಲಿಶ್ ಮಾಡಿದ ಪ್ಯಾಡೇ ಹೊಸ ಗೆರೆ ಎಳೆಯುತ್ತದೆ, ಒರೆಸಿದ ಬಟ್ಟೆಯೂ ಗೆರೆ ಎಳೆಯುತ್ತದೆ. ಅದಕ್ಕಿಂತ ಕಾಟ ಕೊಡುವುದು ಅಂಟುವ ಪೇಂಟ್: ಪ್ಯಾಡ್ ಜಾರುವ ಬದಲು ಹಿಡಿದು ನಿಲ್ಲುತ್ತದೆ, ಪಾಲಿಶ್ ಗಂಟುಗಟ್ಟಿ ಮೇಲ್ಮೈಗೆ ಮೆತ್ತಿಕೊಳ್ಳುತ್ತದೆ. ಇವಲ್ಲದೆ ತೆಳ್ಳಗಾಗಿಹೋದ ಪೇಂಟ್ ಇದೆ, ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಇಲ್ಲದ ಹಳೆಯ ಪೇಂಟ್ ಇದೆ. ಇವುಗಳ ಮದ್ದು ಬೇರೆ ಬೇರೆ. ಗಟ್ಟಿ ಪೇಂಟಿನ ಉಪಾಯವನ್ನು ಮೆತ್ತಗಿನ ಪೇಂಟಿಗೆ ಬಳಸಿದವರೇ ಹೆಚ್ಚಾಗಿ ತೊಂದರೆಗೆ ಸಿಕ್ಕುವುದು.

ಜರ್ಮನ್ ಕಾರು ಗಟ್ಟಿ, ಜಪಾನಿ ಕಾರು ಮೆತ್ತಗೆ ಎನ್ನುತ್ತಾರಲ್ಲ, ನಿಜವೇ?

ಅರ್ಧ ನಿಜ. ಮರ್ಸಿಡಿಸ್ 2003ರ ಕೊನೆಯಲ್ಲಿ ಸೂಕ್ಷ್ಮ ಸೆರಾಮಿಕ್ ಕಣಗಳಿರುವ ಕ್ಲಿಯರ್ ಕೋಟ್ ತಂದಿತು. ಗೀರು ತಡೆಯಲೆಂದೇ ಮಾಡಿದ್ದರಿಂದ, ಒಮ್ಮೆ ಗೀರು ಬಿದ್ದರೆ ತೆಗೆಯುವುದೂ ಅಷ್ಟೇ ಕಷ್ಟ. ನಿಸ್ಸಾನ್ 2005ರಲ್ಲಿ ತಂದ ಸ್ಕ್ರಾಚ್ ಶೀಲ್ಡ್‌ನ ದಾರಿ ಇದಕ್ಕೆ ತಿರುಗುಮುರುಗು. ಅದು ಸ್ಥಿತಿಸ್ಥಾಪಕ ಗುಣದ ರಾಳ, ಸಣ್ಣ ಗೀರು ಬಿದ್ದರೆ ಬೆಚ್ಚಗಾದಾಗ ತಾನೇ ಮರಳಿ ಸಮವಾಗುವಂಥದು. ಅಂಥ ಮೇಲ್ಮೈ ಪಾಲಿಶ್‌ಗೆ ರಬ್ಬರಿನಂತೆ ಸ್ಪಂದಿಸುತ್ತದೆ.

ಆದರೆ ಒಂದೇ ಕಂಪನಿಯ ಎರಡು ಕಾರ್ಖಾನೆಗಳಲ್ಲಿ, ಎರಡು ಬಣ್ಣಗಳಲ್ಲಿ, ಎರಡು ವರ್ಷಗಳಲ್ಲಿ ಪೇಂಟ್ ಬೇರೆ ಬೇರೆ ಇರಬಹುದು. ದೇಶ ನೋಡಿ ಪ್ಯಾಡ್ ಆರಿಸಬೇಡಿ. ಕಾರಿನ ಮೇಲೆ ಒಂದು ಸಣ್ಣ ಚೌಕದಲ್ಲಿ ಪರೀಕ್ಷೆ ಮಾಡಿ ಆರಿಸಿ.

ನನಗೆ ತೆಗೆಯಲು ಎಷ್ಟು ಪೇಂಟ್ ಇದೆ?

ನೀವು ಅಂದುಕೊಂಡಿದ್ದಕ್ಕಿಂತ ಬಹಳ ಕಡಿಮೆ. ಕಾರ್ಖಾನೆಯ ಪೇಂಟ್ ಲೋಹದಿಂದ ಮೇಲಿನ ತನಕ ಒಟ್ಟು ಸುಮಾರು 100ರಿಂದ 150 ಮೈಕ್ರಾನ್. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಇದರಲ್ಲಿ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ ಎಲ್ಲ ಕಳೆದು ಉಳಿದದ್ದು ಕ್ಲಿಯರ್ ಕೋಟ್. ಅದು ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು.

ಅದನ್ನೂ ಪೂರ್ತಿ ಬಳಸುವಂತಿಲ್ಲ. ಬಿಸಿಲಿನ ಅತಿನೇರಳೆ ಕಿರಣವನ್ನು ಹೀರಿ ಬಣ್ಣವನ್ನು ಕಾಯುವ ರಾಸಾಯನಿಕಗಳು ಈ ಪದರದಲ್ಲೇ ಇವೆ. ಪದರ ತೆಳ್ಳಗಾದಷ್ಟೂ ಆ ಕಾವಲು ಕುಗ್ಗುತ್ತದೆ. ಕೆಲವು ವರ್ಷಗಳ ಮೇಲೆ ಛಾವಣಿಯ ಮೇಲೆ ಬಿಳಿ ತೇಪೆ ಎದ್ದು ಸಿಪ್ಪೆ ಸುಲಿಯುತ್ತದೆ. ಆಗ ಯಾವ ಪಾಲಿಶ್‌ಗೂ ಅದು ಬಗ್ಗದು, ಮತ್ತೆ ಪೇಂಟ್ ಹೊಡೆಸುವುದೊಂದೇ ದಾರಿ. ಕಾರಿನ ಇಡೀ ಆಯುಸ್ಸಿನಲ್ಲಿ ಎಂಟು ಮೈಕ್ರಾನ್‌ನಷ್ಟು ತೆಗೆದರೆ ಸಾಕು ಎಂಬ ಲೆಕ್ಕ ನಾನು ಇಟ್ಟುಕೊಂಡಿದ್ದೇನೆ. ಒರಟು ಕಾಂಪೌಂಡಿನ ಒಂದು ಪೂರ್ಣ ಸುತ್ತಿನಲ್ಲೇ ಅದರಲ್ಲಿ ಕೆಲವು ಮೈಕ್ರಾನ್ ಹೋಗಬಹುದು. ಕೊನೆಯ ನಯ ಪಾಲಿಶ್ ಒಂದು ಮೈಕ್ರಾನ್ ಕೂಡ ತೆಗೆಯುವುದಿಲ್ಲ. ಹಾಗಾಗಿ ಒರಟು ಕೆಲಸವನ್ನು ಒಮ್ಮೆ ಮಾಡಿ, ಆಮೇಲಿನ ವರ್ಷಗಳಲ್ಲಿ ನಯ ಪಾಲಿಶ್‌ನಲ್ಲೇ ಸುಧಾರಿಸಿಕೊಂಡು ಹೋಗುವುದು ಒಳ್ಳೆಯದು.

ಪೇಂಟ್‌ನ ದಪ್ಪ ಅಳೆಯುವ ಗೇಜ್ ಕೊಳ್ಳಲೇಬೇಕೆ? ಅದರ ಅಂಕಿ ಏನು ಹೇಳುತ್ತದೆ?

ಹಳೆಯ ಕಾರು, ಬೇರೆಯವರಿಂದ ಕೊಂಡ ಕಾರು ಎಂದಾದರೆ ಕೊಳ್ಳಿ, ಇಲ್ಲವೇ ಇದ್ದವರಿಂದ ಎರವಲು ತನ್ನಿ. ಆದರೆ ಅದು ಕ್ಲಿಯರ್ ಕೋಟ್ ಎಷ್ಟಿದೆ ಎಂದು ಹೇಳುವುದಿಲ್ಲ. ಲೋಹದಿಂದ ಮೇಲೆ ಇರುವ ಎಲ್ಲ ಪದರಗಳ ಮೊತ್ತವನ್ನಷ್ಟೇ ತೋರಿಸುತ್ತದೆ. ಉಕ್ಕಿನ ಮೇಲೆ ಅಯಸ್ಕಾಂತದ ತತ್ವದಿಂದ, ಅಲ್ಯೂಮಿನಿಯಂ ಮೇಲೆ ಎಡ್ಡಿ ಕರೆಂಟ್ (ಲೋಹದೊಳಗೆ ಹುಟ್ಟುವ ಸುಳಿ ವಿದ್ಯುತ್) ತತ್ವದಿಂದ ಕೆಲಸ ಮಾಡುತ್ತದೆ. ಪ್ಲಾಸ್ಟಿಕ್ ಬಂಪರ್ ಮೇಲೆ ಸಾಮಾನ್ಯ ಗೇಜ್ ನಡೆಯುವುದಿಲ್ಲ, ಅದಕ್ಕೆ ಅಲ್ಟ್ರಾಸೌಂಡ್‌ನದೇ ಬೇಕು.

ಅಂಕಿಯನ್ನು ಒಂಟಿಯಾಗಿ ಓದಬಾರದು, ಪಕ್ಕದ್ದರ ಜೊತೆ ಇಟ್ಟು ಓದಬೇಕು. ಇಡೀ ಕಾರು 110ರಿಂದ 125ರ ನಡುವೆ ಇದ್ದು ಒಂದು ಬಾಗಿಲು ಮಾತ್ರ 240 ತೋರಿಸಿದರೆ ಆ ಬಾಗಿಲಿಗೆ ಮರಳಿ ಪೇಂಟ್ ಆಗಿದೆ. ಸಾವಿರ ದಾಟಿದರೆ ಒಳಗೆ ಪುಟ್ಟಿ ಇದೆ. ಬಾನೆಟ್‌ನ ನಡುವೆ ಮಾತ್ರ 85ಕ್ಕೆ ಇಳಿದಿದ್ದರೆ ಯಾರೋ ಅಲ್ಲಿ ಚೆನ್ನಾಗಿ ತಿಕ್ಕಿಹೋಗಿದ್ದಾರೆ ಎಂದರ್ಥ. ಆ ಜಾಗಕ್ಕೆ ಒರಟು ಕಾಂಪೌಂಡ್ ತಾಗಿಸಬೇಡಿ. ಗೇಜ್ ತಾನೇ ಒಂದೆರಡು ಮೈಕ್ರಾನ್ ಅತ್ತಿತ್ತ ಹೋಗುವುದುಂಟು, ಒಂದೊಂದು ಭಾಗದಲ್ಲೂ ಹಲವು ಕಡೆ ಅಳೆಯಿರಿ.

ಒಂದೇ ಕಾರಿನಲ್ಲಿ ಒಂದು ಬಾಗಿಲು ಬೇಗ ಹೊಳೆಯುತ್ತದೆ, ಪಕ್ಕದ್ದು ಕೇಳುವುದೇ ಇಲ್ಲ. ಯಾಕೆ?

ಮರುಪೇಂಟ್. ಕಾರ್ಖಾನೆಯಲ್ಲಿ ಬರಿ ಲೋಹದ ದೇಹವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತಾರೆ. ಗ್ಯಾರೇಜಿಗೆ ಬರುವ ಹೊತ್ತಿಗೆ ಕಾರಿನಲ್ಲಿ ವೈರು, ರಬ್ಬರು, ಪ್ಲಾಸ್ಟಿಕ್ಕು ಎಲ್ಲ ಇರುವುದರಿಂದ ಆ ಬಿಸಿ ಕೊಡುವಂತಿಲ್ಲ, 60 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುವ ಬೇರೆಯೇ ರಸಾಯನ ಬಳಸುತ್ತಾರೆ. ಅದು ಮೆತ್ತಗಿರುವುದೇ ಹೆಚ್ಚು, ಅಂಟುವ ಗುಣವೂ ಸೇರಿಕೊಳ್ಳಬಹುದು. ಒಂದು ಕಾರಿಗೆ ಒಂದು ಪರೀಕ್ಷೆ ಸಾಲದು. ಗೇಜ್ ಬೇರೆ ಅಂಕಿ ತೋರಿಸಿದ ಪ್ರತಿ ಭಾಗಕ್ಕೂ ಹೊಸದಾಗಿ ಪರೀಕ್ಷೆ ಮಾಡಿ.

ಪರೀಕ್ಷೆ ಹೇಗೆ ಮಾಡುವುದು?

ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ, ಆದರೆ ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

ಮೊದಲು ಕಾರನ್ನು ಚೆನ್ನಾಗಿ ತೊಳೆಯಿರಿ. ಬ್ರೇಕಿನಿಂದ ಹಾರಿ ಅಂಟಿದ ಕಬ್ಬಿಣದ ಕಣಗಳಿಗೆ ಕಬ್ಬಿಣ ಕರಗಿಸುವ ಸ್ಪ್ರೇ ಹೊಡೆಯಿರಿ, ಅದು ನೇರಳೆ ಬಣ್ಣಕ್ಕೆ ತಿರುಗಿ ಕೆಲಸ ಮಾಡುತ್ತಿರುವುದನ್ನು ತೋರಿಸುತ್ತದೆ. ಆಮೇಲೆ ಸಾಕಷ್ಟು ಜಾರುವ ದ್ರವ ಸಿಂಪಡಿಸಿ ಕ್ಲೇ ಬಾರ್ (ಅಂಟಿದ ಕೊಳೆ ಎತ್ತುವ ಜೇಡಿಯಂಥ ತುಂಡು) ಎಳೆಯಿರಿ. ಮೆತ್ತಗಿನ ಪೇಂಟ್ ಮೇಲೆ ಕ್ಲೇ ಗೆರೆ ಬಿಡುತ್ತದೆ, ಪಾಲಿಶ್ ಹೇಗೂ ಬರುವುದರಿಂದ ಚಿಂತೆ ಬೇಡ. ಆದರೆ ಪಾಲಿಶ್ ಮಾಡುವ ಉದ್ದೇಶವಿಲ್ಲದಿದ್ದರೆ ಕ್ಲೇ ಮುಟ್ಟಬೇಡಿ.

ಈಗ ಬಾನೆಟ್‌ನ ಸಮತಟ್ಟು ಭಾಗದಲ್ಲಿ ಉದ್ದ ಅಗಲ ಎರಡೂ ಸುಮಾರು 45 ಸೆಂಟಿಮೀಟರ್ ಇರುವ ಚೌಕವನ್ನು ಟೇಪ್‌ನಿಂದ ಗುರುತು ಮಾಡಿ. ನಿಮ್ಮಲ್ಲಿರುವ ಅತಿ ಮೆದು ಪ್ಯಾಡ್, ಅತಿ ನಯ ಪಾಲಿಶ್‌ನಿಂದ ಶುರು ಮಾಡಿ. ನಿಧಾನವಾಗಿ, ಒಂದು ಸಾಲಿನ ಮೇಲೆ ಅರ್ಧ ಇನ್ನೊಂದು ಸಾಲು ಬರುವಂತೆ, ಅಡ್ಡ ಒಮ್ಮೆ ಉದ್ದ ಒಮ್ಮೆ, ನಾಲ್ಕು ಸುತ್ತು ಹೋಗಿ. ಒರೆಸಿ, ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿದ ನೀರಿನಿಂದ ಎಣ್ಣೆ ಅಂಶ ತೆಗೆದು, ಬೆಳಕು ಹಿಡಿದು ನೋಡಿ. ಸಾಕಾಯಿತೇ? ಅಲ್ಲಿಗೆ ನಿಮ್ಮ ಉತ್ತರ ಸಿಕ್ಕಿತು. ಸಾಲದಿದ್ದರೆ ಪಾಲಿಶ್ ಅದೇ ಇಟ್ಟು ಪ್ಯಾಡ್ ಮಾತ್ರ ಒಂದು ಮೆಟ್ಟಿಲು ಗಟ್ಟಿ ಮಾಡಿ. ಆಮೇಲೂ ಸಾಲದಿದ್ದರೆ ಪಾಲಿಶ್ ಬದಲಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಒಂದೊಂದು ಸಲ ಈ ಒಂದು ಚೌಕಕ್ಕೇ ನನಗೆ ಎರಡು ಗಂಟೆ ಹಿಡಿದಿದೆ. ಆ ಎರಡು ಗಂಟೆ ವ್ಯರ್ಥವಾಯಿತು ಎಂದು ಒಮ್ಮೆಯೂ ಅನ್ನಿಸಿಲ್ಲ.

ಗಟ್ಟಿ ಪೇಂಟ್ ಎಂದು ಗೊತ್ತಾಯಿತು. ಈಗ?

ಮೈಕ್ರೋಫೈಬರ್ ಅಥವಾ ಉಣ್ಣೆಯ ಪ್ಯಾಡ್, ಜೊತೆಗೆ ಒಳ್ಳೆಯ ಕಟ್ಟಿಂಗ್ ಕಾಂಪೌಂಡ್. ಉಣ್ಣೆ ಫೋಮ್‌ಗಿಂತ ಚೆನ್ನಾಗಿ ಕೊರೆಯುತ್ತದೆ, ಬಿಸಿಯೂ ಕಡಿಮೆ. ಮೆಷಿನ್ ಮೇಲೆ ಮೈಭಾರ ಹಾಕುವುದು ಉಪಾಯವಲ್ಲ. ಡಿಎ (ಡ್ಯುಯಲ್ ಆಕ್ಷನ್, ತಿರುಗುತ್ತಲೇ ಓಲಾಡುವ) ಮೆಷಿನ್‌ಗೆ ಅತಿಯಾದ ಒತ್ತಡ ಕೊಟ್ಟರೆ ಪ್ಯಾಡ್ ತಿರುಗುವುದೇ ನಿಂತು ಬರೀ ನಡುಗುತ್ತದೆ, ಕೊರೆತ ಇನ್ನೂ ಕಡಿಮೆಯಾಗುತ್ತದೆ. ಹಿಂಬದಿಯ ಪ್ಲೇಟಿನ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಡಿ, ತಿರುಗುತ್ತಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ಕೈ ನಿಧಾನ ಮಾಡಿ. ಜಾಗ ಚಿಕ್ಕದು ಮಾಡಿ. ಪ್ರತಿ ಚೌಕ ಮುಗಿದ ಮೇಲೆ ಪ್ಯಾಡನ್ನು ಬ್ರಷ್‌ನಿಂದ ಅಥವಾ ಗಾಳಿ ಹಾಯಿಸಿ ಸ್ವಚ್ಛ ಮಾಡಿ. ಸವೆದ ಪೇಂಟ್ ಪುಡಿಯೂ ಒಣಗಿದ ಕಾಂಪೌಂಡೂ ತುಂಬಿದ ಪ್ಯಾಡ್ ಗಟ್ಟಿ ಪೇಂಟನ್ನು ಕೊರೆಯಲಾರದು. "ಪೇಂಟ್ ತುಂಬಾ ಗಟ್ಟಿ" ಎಂದು ಬಂದವರಲ್ಲಿ ಎಷ್ಟೋ ಜನರ ಪ್ಯಾಡ್ ಮುಟ್ಟಿ ನೋಡಿದರೆ ಅದೇ ರೊಟ್ಟಿಯಂತೆ ಗಟ್ಟಿಯಾಗಿರುತ್ತದೆ.

ಕಪ್ಪು ಕಾರು. ಗೀರೆಲ್ಲ ಹೋಯಿತು, ಆದರೆ ಬೆಳಕಿಗೆ ಹಿಡಿದರೆ ಬೂದು ಮಬ್ಬು. ಏನು ತಪ್ಪಿತು?

ಮೆತ್ತಗಿನ ಪೇಂಟ್‌ನ ಲಕ್ಷಣ ಇದೇ. ಆ ಮಬ್ಬು ಎಂದರೆ ಪ್ಯಾಡ್‌ನ ಎಳೆ ಮತ್ತು ಕಾಂಪೌಂಡಿನ ಕಣ ಬಿಟ್ಟುಹೋದ ಲಕ್ಷಾಂತರ ಸಣ್ಣ ಗೆರೆಗಳು. ಮೈಕ್ರೋಫೈಬರ್ ಪ್ಯಾಡ್ ಇಂಥ ಪೇಂಟ್ ಮೇಲೆ ಇದನ್ನು ಮಾಡಿಯೇ ತೀರುತ್ತದೆ. ಕಪ್ಪು ಬಣ್ಣಕ್ಕೂ ಮೆತ್ತಗಿರುವುದಕ್ಕೂ ನೇರ ನಂಟಿಲ್ಲ. ಬಿಳಿಯ ಮೇಲೂ ಅದೇ ಮಬ್ಬು ಇರುತ್ತದೆ, ಕಾಣುವುದಿಲ್ಲ ಅಷ್ಟೆ.

ಮತ್ತಷ್ಟು ತಿಕ್ಕಬೇಡಿ. ಅತಿ ಮೆದು ಫಿನಿಶಿಂಗ್ ಫೋಮ್, ಹೊಸದು ಅಥವಾ ಚೆನ್ನಾಗಿ ತೊಳೆದದ್ದು, ತೆಗೆದುಕೊಳ್ಳಿ. ಫಿನಿಶಿಂಗ್ ಪಾಲಿಶ್ ಹಚ್ಚಿ ಕಡಿಮೆ ವೇಗದಲ್ಲಿ, ಮೆಷಿನ್‌ನ ತೂಕವಷ್ಟೇ ಬಿದ್ದಂತೆ ಎರಡು ಮೂರು ಸುತ್ತು ಹೋಗಿ. ಕೊನೆಯ ಸುತ್ತಿನಲ್ಲಿ ಒತ್ತಡವನ್ನೇ ಕೊಡಬೇಡಿ. ಪಾಲಿಶ್ ಒಣಗಿ ಪುಡಿಯಾಗುವ ಮೊದಲೇ ನಿಲ್ಲಿಸಿ.

ಒರೆಸುವಾಗ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ಒಣ ಬಟ್ಟೆಯಿಂದ ಒತ್ತಿ ಒರೆಸಿದರೆ ಮಾಡಿದ್ದೆಲ್ಲ ಹಾಳು. ದಪ್ಪ ಜುಂಗಿನ ಮೈಕ್ರೋಫೈಬರ್ ಬಟ್ಟೆಗೆ ಡಿಟೇಲಿಂಗ್ ಸ್ಪ್ರೇ ಸಿಂಪಡಿಸಿ, ಬಟ್ಟೆಯನ್ನು ಮೇಲೆ ಹಾಸಿ ಎಳೆದಂತೆ ಒರೆಸಿ. ಆಲ್ಕೊಹಾಲ್ ಮಿಶ್ರಣವನ್ನೂ ಇಂಥ ಪೇಂಟ್‌ಗೆ ತೆಳ್ಳಗೆ ಮಾಡಿಕೊಳ್ಳಿ, ನೂರಕ್ಕೆ ಹತ್ತು ಭಾಗ ಸಾಕು. ಗಾಢವಾಗಿದ್ದರೆ ಮೇಲ್ಮೈ ಇನ್ನೂ ಮೆತ್ತಗಾಗಿ ಒರೆಸಿದ ಗೆರೆಯೇ ಉಳಿಯುತ್ತದೆ. ಎಷ್ಟೋ ಸಲ ಜನ ಪಾಲಿಶ್‌ನ ತಪ್ಪು ಎಂದು ಎರಡು ದಿನ ಹುಡುಕಾಡುವುದು ಈ ಬಟ್ಟೆಯ ಗೆರೆಗಳನ್ನು.

ಪ್ಯಾಡ್ ಹಿಡಿದುಕೊಳ್ಳುತ್ತದೆ, ಪಾಲಿಶ್ ಅಂಟಿನಂತೆ ಮೆತ್ತಿಕೊಳ್ಳುತ್ತದೆ, ಒರೆಸಿದರೂ ಬರುವುದಿಲ್ಲ. ಮಾಡುವುದೇನು?

ಇದೇ ಅಂಟುವ ಪೇಂಟ್. ಕೆಲವು ಜಪಾನಿ ಕಾರುಗಳ ಗಾಢ ಬಣ್ಣಗಳು ಮತ್ತು ಸರಿಯಾಗಿ ಒಣಗದ ಮರುಪೇಂಟ್ ಇದಕ್ಕೆ ಹೆಸರಾದವು. ತಿಕ್ಕಾಟದ ಬಿಸಿಗೆ ಮೇಲ್ಪದರ ಮೆತ್ತಗಾಗಿ ಪ್ಯಾಡನ್ನು ಹಿಡಿಯುತ್ತದೆ. ಹಿಡಿದಷ್ಟೂ ಬಿಸಿ ಏರುತ್ತದೆ, ಬಿಸಿ ಏರಿದಷ್ಟೂ ಇನ್ನೂ ಹಿಡಿಯುತ್ತದೆ. ಈ ಸುಳಿಯಿಂದ ಹೊರಬರುವುದೇ ಕೆಲಸವೆಲ್ಲ.

ಬಿಸಿ ತಗ್ಗಿಸಿ. ಕಾರು ನೆರಳಿನಲ್ಲಿರಲಿ, ಬಾನೆಟ್ ಕೈಗೆ ತಣ್ಣಗೆ ಸಿಗುವ ತನಕ ಕಾಯಿರಿ. ಮೆಷಿನ್ ವೇಗ ಒಂದೆರಡು ಹಂತ ಇಳಿಸಿ. ಚೌಕವನ್ನು ಅರ್ಧಕ್ಕೆ ಇಳಿಸಿ. ಎರಡು ಸುತ್ತು ಆದ ಕೂಡಲೇ ಒರೆಸಿಬಿಡಿ, ಒಂದೇ ಚೌಕದಲ್ಲಿ ಆರು ಸುತ್ತು ಹಠ ಹಿಡಿಯಬೇಡಿ. ಬೇಕಿದ್ದರೆ ಪಕ್ಕದ ಭಾಗಕ್ಕೆ ಹೋಗಿ, ಇದು ತಣಿದ ಮೇಲೆ ಮರಳಿ ಬನ್ನಿ. ಪ್ಯಾಡ್ ತೆಳ್ಳಗಿನದು ಇರಲಿ, ಮತ್ತು ನಾಲ್ಕೈದು ಪ್ಯಾಡ್ ಇಟ್ಟುಕೊಂಡು ಬದಲಿಸುತ್ತಿರಿ, ಏಕೆಂದರೆ ಬಿಸಿ ಪ್ಯಾಡ್‌ನ ಒಳಗೂ ಕೂರುತ್ತದೆ. ಪಾಲಿಶ್ ಬದಲಿಸಿ ನೋಡುವುದು ಕೂಡ ಫಲ ಕೊಡುತ್ತದೆ. ಎಣ್ಣೆ ಹೆಚ್ಚಿರುವ ಒಂದು, ನೀರಿನ ಅಂಶ ಹೆಚ್ಚಿರುವ ಇನ್ನೊಂದು, ಎರಡರಲ್ಲಿ ಒಂದಕ್ಕೆ ಪೇಂಟ್ ಒಪ್ಪಿಕೊಳ್ಳುತ್ತದೆ. ಪ್ಯಾಡ್ ಮೇಲೆ ಒಂದು ಹನಿ ನೀರು ಸಿಂಪಡಿಸುವುದೂ ಹಿಡಿತ ಬಿಡಿಸುತ್ತದೆ.

ಆಗಲೇ ಮೆತ್ತಿಕೊಂಡದ್ದನ್ನು ಉಜ್ಜಿ ಕೀಳಬೇಡಿ. ಅದರ ಮೇಲೆಯೇ ಇನ್ನೊಂದು ತೊಟ್ಟು ಪಾಲಿಶ್ ಹಾಕಿ ಮೆದು ಪ್ಯಾಡ್‌ನಿಂದ ಎರಡು ಸುತ್ತು ತಿರುಗಿಸಿ, ಹಳೆಯದೂ ಕರಗಿ ಎದ್ದು ಬರುತ್ತದೆ.

ಪ್ಯಾಡ್‌ಗೆ ಕಾರಿನ ಬಣ್ಣವೇ ಹತ್ತುತ್ತಿದೆ. ಪೇಂಟ್ ತೂತಾಯಿತೇ?

ಕೂಡಲೇ ನಿಲ್ಲಿಸಿ ನೋಡಿ. ಎರಡು ಕಾರಣಗಳಿರಬಹುದು. ಕ್ಲಿಯರ್ ಕೋಟ್ ಇರುವ ಕಾರಾದರೆ ನೀವು ಅದನ್ನು ದಾಟಿ ಬಣ್ಣಕ್ಕೆ ಇಳಿದಿದ್ದೀರಿ. ಅಥವಾ ಕಾರಿನಲ್ಲಿ ಕ್ಲಿಯರ್ ಕೋಟ್ ಇಲ್ಲವೇ ಇಲ್ಲ. ಬಣ್ಣದ ಮೇಲೆ ಕ್ಲಿಯರ್ ಕೋಟ್ ಹಾಕುವುದು ವ್ಯಾಪಕವಾದದ್ದು 1980ರ ದಶಕದಿಂದೀಚೆಗೆ. ಅದಕ್ಕೂ ಹಿಂದಿನ ಕಾರುಗಳಲ್ಲಿ, ಆಮೇಲಿನ ಕೆಲವು ಮೆಟಾಲಿಕ್ ಅಲ್ಲದ ಬಿಳಿ, ಕೆಂಪು ಬಣ್ಣಗಳಲ್ಲಿ ಬಣ್ಣವೂ ಹೊಳಪೂ ಒಂದೇ ಪದರ. ಕೆಲಸಕ್ಕೆ ಮೊದಲೇ ತಿಳಿಯಲು ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಚ್ಚಿ ಕಣ್ಣಿಗೆ ಬೀಳದ ಮೂಲೆಯಲ್ಲಿ ಕೈಯಿಂದ ಉಜ್ಜಿ ನೋಡಿ.

ಒಂದೇ ಪದರದ ಹಳೆಯ ಪೇಂಟ್ ಒಣಗಿ ಸುಣ್ಣ ಬಳಿದಂತಾಗಿದ್ದರೆ ಮೇಲಿನ ಸತ್ತ ಪದರ ತೆಗೆದ ಕೂಡಲೇ ಬಣ್ಣ ಎದ್ದು ಬರುವುದು ನೋಡಲು ಬಹಳ ಸಂತೋಷ. ಎಣ್ಣೆ ಅಂಶ ಹೆಚ್ಚಿರುವ ಪಾಲಿಶ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಪ್ಯಾಡ್ ಬಹು ಬೇಗ ಬಣ್ಣದಿಂದ ತುಂಬುತ್ತದೆ, ಬದಲಿಸುತ್ತಿರಿ. ಆದರೆ ಒಂದೇ ಪದರದ ಮೆಟಾಲಿಕ್ ಬಣ್ಣವಾದರೆ ಕೈ ಹಿಂದೆ ಎಳೆಯಿರಿ. ಅದರಲ್ಲಿ ಅಲ್ಯೂಮಿನಿಯಂ ಚೂರುಗಳಿಗೇ ಪಾಲಿಶ್ ತಾಗುತ್ತದೆ, ಬಣ್ಣ ಅಲ್ಲಲ್ಲಿ ಕಪ್ಪಾಗಿ ತೇಪೆ ಬೀಳಬಹುದು.

ಬೀದಿದೀಪದ ಸುತ್ತ ಜೇಡರ ಬಲೆಯಂತೆ ಗೀರು ಕಾಣುತ್ತದೆ. ಯಾರೋ ಸುತ್ತಿ ಸುತ್ತಿ ಒರೆಸಿದ್ದಾರೆಯೇ?

ಇರಲಿಕ್ಕಿಲ್ಲ. ಗೀರುಗಳು ಎಲ್ಲ ದಿಕ್ಕಿಗೂ ಚದುರಿವೆ. ದೀಪದ ಬೆಳಕನ್ನು ನಿಮ್ಮ ಕಣ್ಣಿಗೆ ಮರಳಿಸುವುದು ಆ ಬೆಳಕಿಗೆ ಅಡ್ಡವಾಗಿ ಬಿದ್ದ ಗೀರುಗಳು ಮಾತ್ರ, ಹಾಗಾಗಿ ವೃತ್ತದಂತೆ ತೋರುತ್ತದೆ. ನೀವು ನಡೆದರೆ ವೃತ್ತವೂ ನಿಮ್ಮ ಜೊತೆ ನಡೆಯುತ್ತದೆ. ಓಲಾಡದೆ ಬರೀ ಗಿರಗಿರ ತಿರುಗುವ ರೋಟರಿ ಮೆಷಿನ್ ಬಿಟ್ಟ ಹೊಲೊಗ್ರಾಮ್ ಎಂಬ ಗುರುತು ಬೇರೆ: ಅದು ಬಿಸಿಲಿನಲ್ಲಿ ಉದ್ದುದ್ದ ರೆಕ್ಕೆ ಬಿಚ್ಚಿದಂತೆ ಹೊಳೆಯುತ್ತದೆ.

ರೋಟರಿ ಬೇಕೇ, ಡಿಎ ಸಾಕೇ?

ಮೊದಲ ಮೆಷಿನ್ ಡಿಎ ಆಗಿರಲಿ. ಅದು ತಿರುಗುತ್ತಲೇ ಓಲಾಡುವುದರಿಂದ ಬಿಸಿ ಒಂದೇ ಕಡೆ ನಿಲ್ಲುವುದಿಲ್ಲ, ಹೊಲೊಗ್ರಾಮ್ ಬರುವುದಿಲ್ಲ. ಸಮತಟ್ಟು ಭಾಗಕ್ಕೆ 15 ಅಥವಾ 21 ಮಿಲಿಮೀಟರ್ ಓಲಾಟದ್ದು ಬೇಗ ಕೆಲಸ ಮುಗಿಸುತ್ತದೆ, ತಿರುವು ಹೆಚ್ಚಿರುವ ಕಡೆ 8 ಮಿಲಿಮೀಟರಿನದು ಒಳ್ಳೆಯದು. ಗೇರ್‌ನಿಂದ ಬಲವಂತವಾಗಿ ತಿರುಗುವ ಡಿಎ ಗಟ್ಟಿ ಪೇಂಟ್‌ಗೆ ಬಹಳ ನೆರವಾಗುತ್ತದೆ, ಒತ್ತಿದರೂ ನಿಲ್ಲುವುದಿಲ್ಲ. ರೋಟರಿ ಕೈಗೆ ಪಳಗಿದವರ ಸಾಧನ.

ಅಂಚು, ಬಂಪರ್, ಬಾಗಿಲ ಮೇಲಿನ ಉಬ್ಬುಗೆರೆಗಳಲ್ಲಿ ಏನು ಎಚ್ಚರಿಕೆ?

ಪೇಂಟ್ ಒದ್ದೆ ಇರುವಾಗಲೇ ಚೂಪು ಅಂಚಿನಿಂದ ಜಾರಿ ಇಳಿಯುತ್ತದೆ, ಅಲ್ಲಿ ಅದು ಮೊದಲೇ ತೆಳು. ಪ್ಯಾಡ್‌ನ ಒತ್ತಡವೆಲ್ಲ ಬೀಳುವುದೂ ಅದೇ ಕೂದಲೆಳೆಯಷ್ಟು ಜಾಗಕ್ಕೆ. ಕೆಲಸ ಕಲಿಯುವ ದಿನಗಳಲ್ಲಿ ನಾನು ಒಂದು ಬಾಗಿಲ ಉಬ್ಬುಗೆರೆಯ ಮೇಲೆ ಕಾಂಪೌಂಡ್ ಪ್ಯಾಡ್ ಎಳೆದೆ. ಕ್ಷಣದಲ್ಲಿ ಪ್ರೈಮರ್ ಕಂಡಿತು. ಇಡೀ ಬಾಗಿಲಿಗೆ ಮತ್ತೆ ಪೇಂಟ್ ಮಾಡಿಸಿ ಕೊಡಬೇಕಾಯಿತು. ಇಂದಿಗೂ ಎಲ್ಲ ಅಂಚಿಗೂ ಟೇಪ್ ಹಚ್ಚಿಯೇ ಮೆಷಿನ್ ಎತ್ತುತ್ತೇನೆ, ಟೇಪ್ ತೆಗೆದ ಮೇಲೆ ಆ ಗೆರೆಗಳನ್ನು ನಯ ಪಾಲಿಶ್‌ನಿಂದ ಕೈಯಲ್ಲೇ ಮುಗಿಸುತ್ತೇನೆ.

ಪ್ಲಾಸ್ಟಿಕ್ ಬಂಪರ್ ಬಿಸಿಯನ್ನು ಲೋಹದಂತೆ ಹರಡುವುದಿಲ್ಲ, ತಾಗಿದ ಜಾಗದಲ್ಲೇ ಇಟ್ಟುಕೊಳ್ಳುತ್ತದೆ. ಬಾನೆಟ್‌ಗೆ ಸರಿಯಾದ ವೇಗ ಬಂಪರಿಗೆ ಹೆಚ್ಚಾಗಬಹುದು. ಕೈ ಇಟ್ಟರೆ ತಡೆಯಲಾರದಷ್ಟು ಬಿಸಿ ಎನಿಸುವ ಮೊದಲೇ ನಿಲ್ಲಿಸಿ.

ಪಾಲಿಶ್ ಮಾಡಿಸಿದ ದಿನ ಕನ್ನಡಿಯಂತಿತ್ತು. ನಾಲ್ಕು ಸಲ ತೊಳೆದ ಮೇಲೆ ಗೀರುಗಳೆಲ್ಲ ಮರಳಿ ಬಂದವು. ಹೇಗೆ?

ಅವು ಹೋಗಿರಲೇ ಇಲ್ಲ. ಕೆಲವು ಪಾಲಿಶ್, ಗ್ಲೇಜ್‌ಗಳಲ್ಲಿ ಎಣ್ಣೆ ಮತ್ತು ತುಂಬುವ ಪದಾರ್ಥ ಇರುತ್ತದೆ, ಗೀರಿನ ಗುಂಡಿ ತುಂಬಿ ಮರೆಮಾಡುತ್ತದೆ, ತೊಳೆದಂತೆ ಇಳಿದುಹೋಗುತ್ತದೆ. ತೆಳ್ಳಗಾದ ಹಳೆಯ ಪೇಂಟ್‌ಗೆ ಇದೇ ಸರಿಯಾದ ದಾರಿ, ಆದರೆ ಅದನ್ನು ಮೊದಲೇ ಹೇಳಿ ಮಾಡಬೇಕು. ಗೀರು ತೆಗೆದಿದ್ದೇವೆ ಎಂದು ಹೇಳಿ ಗೀರು ತುಂಬಿಸಿ ಕಳಿಸುವುದು ಮೋಸ. ಆಲ್ಕೊಹಾಲ್ ಮಿಶ್ರಣದಿಂದ ಒರೆಸಿದ ಮೇಲೆ ಬೆಳಕು ಹಿಡಿದು ತೋರಿಸಿ ಎಂದು ಕೇಳಿ.

ನೀರಿನ ಕಲೆ, ಹಕ್ಕಿ ಹಿಕ್ಕೆಯ ಗುರುತು ಪಾಲಿಶ್‌ನಿಂದ ಹೋಗುತ್ತದೆಯೇ?

ನೀರಿನ ಕಲೆ ಮೇಲೆಯೇ ಕೂತ ಖನಿಜವಾದರೆ ಪಾಲಿಶ್ ಬೇಕಾಗಿಲ್ಲ, ಕಲೆ ತೆಗೆಯುವ ತೆಳು ಆಮ್ಲದ ದ್ರಾವಣ ಸಾಕು. ಪೇಂಟನ್ನು ತಿಂದು ಗುಂಡಿ ಮಾಡಿದ್ದರೆ ಪಾಲಿಶ್ ಬೇಕು. ಹಿಕ್ಕೆಯ ಗುರುತಿನಲ್ಲಿ ಮೇಲ್ಮೈ ಸುಕ್ಕುಗಟ್ಟಿ ಅಥವಾ ಸೀಳಿ ಹೋಗಿದ್ದರೆ ಅದು ಆಳದ ಗಾಯ. ಅಂಚು ಮಾತ್ರ ನಯವಾಗುತ್ತದೆ, ಗುರುತು ಉಳಿಯುತ್ತದೆ.

ಹೊಳಪಿಲ್ಲದ ಮ್ಯಾಟ್ ಪೇಂಟ್ ಆದರೆ?

ಪಾಲಿಶ್ ಮಾಡಲೇಬೇಡಿ. ಹೊಳಪು ಬಂದ ಜಾಗವನ್ನು ಮತ್ತೆ ಮ್ಯಾಟ್ ಮಾಡಲು ಆಗುವುದಿಲ್ಲ.

ವಾಟರ್ ಪೇಪರ್ ಹಿಡಿದು ಉಜ್ಜಿದರೆ ಬೇಗ ಮುಗಿಯುವುದಿಲ್ಲವೇ?

ಮುಗಿಯುತ್ತದೆ, ಪೇಂಟೂ ಅಷ್ಟೇ ಬೇಗ ಮುಗಿಯುತ್ತದೆ. ದಪ್ಪ ಮರುಪೇಂಟ್‌ನ ಕಿತ್ತಳೆ ಸಿಪ್ಪೆಯಂಥ ಉಬ್ಬುತಗ್ಗನ್ನು ಸಮ ಮಾಡಲು ಅದು ತಕ್ಕದ್ದು. ಕಾರ್ಖಾನೆಯ ತೆಳು ಪೇಂಟ್ ಮೇಲೆ, ಗೇಜ್ ಇಲ್ಲದೆ, ಬೇಡ. ಒಂಟಿ ಗೀರಿಗೆ ಬೇಕೇ ಬೇಕೆಂದರೆ 3000 ಗ್ರಿಟ್‌ನ (ಅಂಕಿ ದೊಡ್ಡದಾದಷ್ಟೂ ಕಾಗದ ನಯ) ಸಣ್ಣ ತುಂಡು, ಹೇರಳ ನೀರು, ಹತ್ತು ಎಳೆತ, ಆಮೇಲೆ ಗೇಜ್‌ನಿಂದ ಅಳತೆ. ಅದಕ್ಕಿಂತ ಒರಟು ಕಾಗದ ಬಿಡುವ ಗೆರೆ ತೆಗೆಯಲು ಮತ್ತಷ್ಟು ಕಾಂಪೌಂಡ್ ಬೇಕಾಗುತ್ತದೆ ಎಂಬುದು ನೆನಪಿರಲಿ.

ಉಗುರಿಗೆ ಸಿಗುವ ಆಳದ ಗೀರನ್ನು ಏನು ಮಾಡಲಿ?

ಉಗುರು ತಡೆದು ನಿಂತರೆ ಆ ಗೀರು ಸುರಕ್ಷಿತವಾಗಿ ತೆಗೆಯಬಹುದಾದ ಆಳ ದಾಟಿದೆ. ಅದರ ತಳ ಮುಟ್ಟುವ ತನಕ ಸುತ್ತಲಿನ ಪೇಂಟನ್ನೆಲ್ಲ ಇಳಿಸಬೇಕಾಗುತ್ತದೆ. ಒಂದು ಗೀರಿಗಾಗಿ ಒಂದು ಬಾಗಿಲನ್ನು ಕೊಡುವುದು ಬೇಡ.

ಗೀರು ಎದ್ದು ಕಾಣುವುದು ಅದರ ಆಳದಿಂದಲ್ಲ, ಚೂಪಾದ ಎರಡು ಅಂಚುಗಳು ಬೆಳಕನ್ನು ಹಿಡಿಯುವುದರಿಂದ. ಮಧ್ಯಮ ಪಾಲಿಶ್‌ನಿಂದ ಆ ಅಂಚುಗಳನ್ನು ದುಂಡಗೆ ಮಾಡಿ. ಎರಡು ಮೀಟರ್ ದೂರ ನಿಂತು ನೋಡಿ. ಹುಡುಕಿದರೆ ಮಾತ್ರ ಸಿಗುತ್ತದೆ ಎಂದಾದರೆ ಅಲ್ಲಿಗೆ ಮೆಷಿನ್ ಕೆಳಗಿಡಿ. ಒಳಗೆ ಬಿಳಿಯೋ ಬೂದೋ ಪ್ರೈಮರ್ ಕಾಣುತ್ತಿದ್ದರೆ ಸಣ್ಣ ಕುಂಚದಿಂದ ಟಚ್ ಅಪ್ ಬಣ್ಣ ತುಂಬಿ, ಪೂರ್ತಿ ಒಣಗಲು ಬಿಡಿ.